ಜೊಳ್ಳಿನೊಡನೆ ಹೋದ ಕಾಳು

ಸುಗ್ಗಿಯ ಕಾಲದಲ್ಲಿ ಕಣದ ಬದಿಯಲ್ಲಿ ಕುಳಿತು ಮೊರ ಹಿಡಿದು ಕೇರುವ ಹೆಂಗಸರನ್ನು ನೀವು ನೋಡಿರಬಹುದು. ಮೊರ ಮೇಲೆದ್ದು ಕೆಳಗಿಳಿದ ಹಾಗೆಲ್ಲ ಜೊಳ್ಳು ಮುಂದಕ್ಕೆ ಹಾರಿ ಬೀಳುತ್ತದೆ. ಗಟ್ಟಿ ಕಾಳು ಹಿಂದೆ ಸರಿದು ನಿಲ್ಲುತ್ತದೆ. ಆದರೆ ಅವರ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಕೇರಿ ಮುಗಿದ ಬಳಿಕ ಮುಂದೆ ಬಿದ್ದ ಜೊಳ್ಳಿನ ರಾಶಿಯಲ್ಲಿ ಒಮ್ಮೆ ಕೈಯಾಡಿಸಿ, ಅದರೊಡನೆ ಸೇರಿಹೋದ ನಾಲ್ಕು ಕಾಳುಗಳನ್ನು ಹೆಕ್ಕಿಕೊಳ್ಳುತ್ತಾರೆ. ಕಾಳಿನಲ್ಲಿ ಉಳಿದ ಜೊಳ್ಳಿನ ಬಗೆಗೆ ಅವರಿಗೆ ಅಷ್ಟು ಚಿಂತೆಯಿಲ್ಲ. ಅಡುಗೆಗೆ ಮುನ್ನ ಇನ್ನೊಮ್ಮೆ ಆರಿಸಿದರಾಯಿತು. ಜೊಳ್ಳಿನೊಡನೆ ಹೋದ ಕಾಳಾದರೋ ಹೋದದ್ದೇ. ಈ ಎರಡು ತಪ್ಪುಗಳೂ ಸಮವಲ್ಲವೆಂಬುದನ್ನು ಅವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಗಣಕಯಂತ್ರಗಳಿಗೆ ಬುದ್ಧಿ ಹೇಳುವ ನಮ್ಮಂಥವರು ಮಾತ್ರ ಇದನ್ನು ಬಹಳ ತಡವಾಗಿ ಕಲಿತೆವು.

ಇ-ಮೇಲ್ ಎಂಬ ವಿದ್ಯುನ್ಮಾನ ಅಂಚೆಯ ಪರಿಚಯ ನಿಮಗಿದೆ. ಕಾಗದದ ಪತ್ರಕ್ಕೆ ಅಂಚೆಚೀಟಿ ಹಚ್ಚಬೇಕು. ನೂರು ಜನರಿಗೆ ಬರೆಯಬೇಕಾದರೆ ನೂರು ಚೀಟಿಗಳ ಬೆಲೆ ತೆರಬೇಕು. ಇ-ಮೇಲ್‌ಗೆ ಆ ಕಟ್ಟುಪಾಡಿಲ್ಲ. ಒಬ್ಬನಿಗೆ ಕಳುಹಿಸುವುದಕ್ಕೂ ಲಕ್ಷ ಜನರಿಗೆ ಕಳುಹಿಸುವುದಕ್ಕೂ ಕಳುಹಿಸುವವನಿಗೆ ತಗಲುವ ವೆಚ್ಚದಲ್ಲಿ ಹೇಳಿಕೊಳ್ಳುವಷ್ಟು ಅಂತರವಿಲ್ಲ. ಲಕ್ಷ ಜನರಲ್ಲಿ ನಾಲ್ವರು ಸರಕು ಕೊಂಡರೂ ಅವನಿಗೆ ಲಾಭವೇ. ಉಳಿದವರ ಹೊತ್ತು ಹಾಳಾದರೆ ಅವನಿಗೇನು? ಹೀಗೆ ಕೇಳದೆಯೇ ರಾಶಿರಾಶಿಯಾಗಿ ಬಂದು ಬೀಳುವ ಪತ್ರಗಳಿಗೆ ಸ್ಪ್ಯಾಮ್ ಎಂದು ಹೆಸರು.

ಈ ಪಿಡುಗು ಇ-ಮೇಲ್‌ನಷ್ಟೇ ಹಳೆಯದು ಎಂದರೂ ಅತಿಶಯೋಕ್ತಿಯಾಗಲಾರದು. 1978ರ ಮೇ ತಿಂಗಳಿನಲ್ಲಿ ಅಮೆರಿಕದ ಗಣಕಯಂತ್ರ ಕಂಪನಿಯೊಂದರ ಮಾರಾಟ ವಿಭಾಗದವರೊಬ್ಬರು, ಇಂದಿನ ಇಂಟರ್‌ನೆಟ್ಟಿನ ತಾಯಿಬೇರೆನ್ನಬಹುದಾದ ಆರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಮಂದಿಗೆ ತಮ್ಮ ಹೊಸ ಯಂತ್ರದ ಪ್ರದರ್ಶನಕ್ಕೆ ಬರಬೇಕೆಂದು ಒಂದೇ ಪತ್ರವನ್ನು ಕಳುಹಿಸಿದರು. ಜಾಲದ ಆಡಳಿತಗಾರರು ಆಕ್ಷೇಪಿಸಿದರು. ಸ್ಪ್ಯಾಮ್ ಎಂಬ ಹೆಸರು ಅಂಟಿಕೊಂಡದ್ದು ಬಹಳ ಕಾಲದ ಮೇಲೆ. ಅದು ಮೂಲತಃ 1937ರಲ್ಲಿ ಮಾರುಕಟ್ಟೆಗೆ ಬಂದ, ಡಬ್ಬಿಯಲ್ಲಿ ತುಂಬಿದ ಮಾಂಸವೊಂದರ ಹೆಸರು. 1970ರಲ್ಲಿ ಬ್ರಿಟಿಷ್ ದೂರದರ್ಶನದ ಹಾಸ್ಯ ತಂಡವೊಂದು, ಹೋಟೆಲಿನಲ್ಲಿ ಯಾವ ತಿಂಡಿ ಕೇಳಿದರೂ ಅದರಲ್ಲಿ ಸ್ಪ್ಯಾಮ್ ಇದ್ದೇ ಇರುವ ಪ್ರಹಸನವನ್ನು ಆಡಿ ತೋರಿಸಿತು. ಬೇಡವೆಂದರೂ ಬಂದು ಬೀಳುವ ಪತ್ರಕ್ಕೆ ಅದಕ್ಕಿಂತ ಒಪ್ಪುವ ಹೆಸರು ಇನ್ನೊಂದು ಸಿಕ್ಕಲಾರದು.

2000ದ ಹೊತ್ತಿಗೆ ಈ ಕಾಟ ಅಸಹನೀಯವಾಯಿತು. ಬೇಕಾದ ಪತ್ರವನ್ನು ಹುಡುಕಲು ಬೇಡದ ಹತ್ತನ್ನು ಅಳಿಸಬೇಕಾದ ಕಾಲವದು. ಬಂದ ಪತ್ರವನ್ನು ಓದುಗನ ಕಣ್ಣಿಗೆ ಬೀಳುವ ಮುನ್ನವೇ ಗಣಕಯಂತ್ರ ಪರೀಕ್ಷಿಸಿ, ಸ್ಪ್ಯಾಮ್ ಎಂದು ಕಂಡುಬಂದುದನ್ನು ಬೇರೆ ಪೆಟ್ಟಿಗೆಗೆ ಹಾಕುವಂತೆ ಪ್ರೋಗ್ರಾಂ ಬರೆಯಲು ಹಲವರು ತೊಡಗಿದರು. ಇಂಥ ಪ್ರೋಗ್ರಾಮನ್ನು ನಾನು ಇಲ್ಲಿ ಜರಡಿ ಎಂದು ಕರೆಯುತ್ತೇನೆ. ನಾನೂ ಕೆಲವು ಕಾಲ ಇಂಥ ಜರಡಿಗಳನ್ನು ಹೆಣೆದವನು. ಅದರ ಕಥೆಯನ್ನು ಆಮೇಲೆ ಹೇಳುವೆ. ಮೊದಲು ಹೇಳಬೇಕಾದದ್ದು ನನ್ನಂಥವರಿಗೆಲ್ಲ ದಾರಿ ತೋರಿಸಿದ ಅಮೆರಿಕದ ಪಾಲ್ ಗ್ರಹಾಂ ಎಂಬುವರ ಅನುಭವ.

ಗ್ರಹಾಂ ತಾವೇ ರೂಪಿಸುತ್ತಿದ್ದ ಹೊಸ ಪ್ರೋಗ್ರಾಂ ಭಾಷೆಯೊಂದನ್ನು ಪರೀಕ್ಷಿಸುವ ಸಲುವಾಗಿ ಇ-ಮೇಲ್ ಓದುವ ಸಾಧನವನ್ನು ಕಟ್ಟುತ್ತಿದ್ದರು. ಅದಕ್ಕೊಂದು ಜರಡಿಯೂ ಇರಲೆಂದು ಮೊದಲು ಎಲ್ಲರೂ ಹಿಡಿಯುವ ದಾರಿಯನ್ನೇ ಹಿಡಿದರು. ಸ್ಪ್ಯಾಮ್ ಪತ್ರಗಳನ್ನು ಓದುವುದು, ಅವುಗಳ ಚಾಳಿಗಳನ್ನು ಗುರುತಿಸುವುದು, ಒಂದೊಂದು ಚಾಳಿಗೂ ಒಂದೊಂದು ನಿಯಮ ಬರೆಯುವುದು, ಇದೇ ಆ ದಾರಿ. ‘ಪ್ರಿಯ ಮಿತ್ರರೇ’ ಎಂದು ಅಪರಿಚಿತನು ಆರಂಭಿಸಿದರೆ ಅನುಮಾನ. ವಿಷಯದ ಸಾಲೆಲ್ಲ ದೊಡ್ಡಕ್ಷರಗಳಲ್ಲಿದ್ದು ಕೊನೆಗೆ ಎಂಟು ಆಶ್ಚರ್ಯಸೂಚಕ ಚಿಹ್ನೆಗಳಿದ್ದರೆ ಇನ್ನೂ ಹೆಚ್ಚಿನ ಅನುಮಾನ. ಮೊದಮೊದಲು ಗೆಲುವು ಸುಲಭವೆನಿಸಿತು. ‘ಕ್ಲಿಕ್’ ಎಂಬ ಒಂದೇ ಪದವನ್ನು ಹುಡುಕಿದರೂ ಅವರ ಸಂಗ್ರಹದಲ್ಲಿದ್ದ ಸ್ಪ್ಯಾಮ್‌ನಲ್ಲಿ ಶೇಕಡಾ 79.7ರಷ್ಟು ಸಿಕ್ಕಿಬೀಳುತ್ತಿತ್ತು. ಆದರೆ ಆ ಒಂದು ಪದಕ್ಕಾಗಿ ಶೇಕಡಾ 1.2ರಷ್ಟು ಒಳ್ಳೆಯ ಪತ್ರಗಳೂ ಬಲಿಯಾಗುತ್ತಿದ್ದುವು. ಉಳಿದ ಸ್ಪ್ಯಾಮ್ ಹಿಡಿಯಲು ನಿಯಮಗಳನ್ನು ಬಿಗಿಗೊಳಿಸಿದಂತೆಲ್ಲ ಬಲಿಯಾಗುವ ನಿರಪರಾಧಿಗಳೂ ಹೆಚ್ಚಿದರು. ಈ ಕಾದಾಟದಲ್ಲಿ ಸುಮಾರು ಆರು ತಿಂಗಳುಗಳು ಕಳೆದುವು.

ಇಷ್ಟು ಕಾಲ ಏಕೆ ಹಿಡಿಯಿತು? ಎದುರಾಳಿಯನ್ನು ಜಾಣತನದಿಂದ ಸೋಲಿಸಬೇಕೆಂಬ ಹಟ ಪ್ರೋಗ್ರಾಂ ಬರೆಯುವವರಲ್ಲಿ ಬಲವಾಗಿರುತ್ತದೆ. ಕಳ್ಳನನ್ನು ಹಿಡಿಯುವವನಿಗೆ ಎಲ್ಲರೂ ಕಳ್ಳರಂತೆ ಕಾಣತೊಡಗುವ ಹಾಗೆ, ಸ್ಪ್ಯಾಮನ್ನೇ ದಿನವೂ ಓದುವವನಿಗೆ ಅದರದೇ ಲಕ್ಷಣಗಳು ಎಲ್ಲೆಡೆಯೂ ಕಾಣುತ್ತವೆ. ತನಗೆ ಅನುಮಾನ ಬಂದುದಕ್ಕೆಲ್ಲ ಅವನು ನಿಯಮ ಬರೆಯುತ್ತಾನೆ. ಆ ಅನುಮಾನ ನಿಜವೇ ಎಂದು ಎಣಿಸಿ ನೋಡುವುದಿಲ್ಲ. ಇದು ನನ್ನ ಸ್ವಂತ ತಪ್ಪೊಪ್ಪಿಗೆಯೂ ಹೌದು.

ಕೊನೆಗೆ ಗ್ರಹಾಂ ಊಹೆಯನ್ನು ಬಿಟ್ಟು ಎಣಿಕೆಗೆ ಇಳಿದರು. ಸುಮಾರು 4000 ಸ್ಪ್ಯಾಮ್ ಪತ್ರಗಳನ್ನು ಒಂದು ಕಡೆ, ಸುಮಾರು 4000 ಒಳ್ಳೆಯ ಪತ್ರಗಳನ್ನು ಇನ್ನೊಂದು ಕಡೆ ಇಟ್ಟು, ಒಂದೊಂದು ಪದವೂ ಎರಡು ರಾಶಿಗಳಲ್ಲಿ ಎಷ್ಟೆಷ್ಟು ಸಲ ಬಂದಿದೆಯೆಂದು ಯಂತ್ರದಿಂದ ಲೆಕ್ಕ ಹಾಕಿಸಿದರು. ಆ ಲೆಕ್ಕದಿಂದ, ಈ ಪದವಿರುವ ಪತ್ರ ಸ್ಪ್ಯಾಮ್ ಆಗಿರುವ ಸಂಭವನೀಯತೆ ಎಷ್ಟು ಎಂಬುದು ಹೊರಡುತ್ತದೆ. ಸಂಭವನೀಯತೆ ನಿಮ್ಮ ಗಣಿತದ ಪುಸ್ತಕಕ್ಕೂ ಹೊಸದಲ್ಲ: 0 ಎಂದರೆ ಆಗದ ಮಾತು, 1 ಎಂದರೆ ಆಗಿಯೇ ತೀರುವ ಮಾತು. ಹೊಸ ಪತ್ರವೊಂದು ಬಂದಾಗ ಅದರಲ್ಲಿನ ಪದಗಳ ಪೈಕಿ ನಡುಬಿಂದುವಾದ 0.5ರಿಂದ ಅತ್ತಲೋ ಇತ್ತಲೋ ಅತಿ ದೂರ ಸರಿದ 15 ಪದಗಳನ್ನು ಆರಿಸಿ, ಅವುಗಳ ಸಾಕ್ಷ್ಯವನ್ನು ಒಟ್ಟುಗೂಡಿಸಿ ತೀರ್ಮಾನಕ್ಕೆ ಬರಬೇಕು. ಒಟ್ಟು ಬೆಲೆ 0.9ನ್ನು ಮೀರಿದರೆ ಅದು ಸ್ಪ್ಯಾಮ್.

ಬಿಡಿಬಿಡಿಯಾದ ಸಾಕ್ಷ್ಯಗಳನ್ನು ಹೀಗೆ ಕೂಡಿಸುವ ಗಣಿತದ ಮೂಲಪುರುಷ ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿ. ಆತನು 1761ರಲ್ಲಿ ತೀರಿಕೊಂಡನು. ಬರೆದಿಟ್ಟಿದ್ದ ಪ್ರಬಂಧವನ್ನು ಗೆಳೆಯನಾದ ರಿಚರ್ಡ್ ಪ್ರೈಸ್ ರಾಯಲ್ ಸೊಸೈಟಿಗೆ ಒಪ್ಪಿಸಿದುದರಿಂದ 1763ರಲ್ಲಿ ಅದು ಬೆಳಕು ಕಂಡಿತು. ತನ್ನ ಗಣಿತ ಒಂದು ದಿನ ಅಂಚೆಪೆಟ್ಟಿಗೆಗೆ ಕಾವಲು ನಿಲ್ಲುವುದೆಂದು ಆ ಪಾದ್ರಿ ಕನಸಿನಲ್ಲಿಯೂ ಎಣಿಸಿರಲಾರನು.

ಎಣಿಕೆ ತೋರಿಸಿದ ಸಂಗತಿಗಳು ಗ್ರಹಾಂ ಅವರನ್ನೇ ಬೆರಗುಗೊಳಿಸಿದುವು. ಪತ್ರದ ಅಕ್ಷರಗಳನ್ನು ಕಡುಕೆಂಪು ಬಣ್ಣದಲ್ಲಿ ತೋರಿಸಲು ‘ಎಫ್‌ಎಫ್‌0000’ ಎಂಬ ಸಂಕೇತವನ್ನು ಬಳಸುತ್ತಾರೆ. ಯಾವ ಅಸಭ್ಯ ಪದಕ್ಕೂ ಕಡಮೆಯಿಲ್ಲದಷ್ಟು ಬಲವಾದ ಸಾಕ್ಷಿ ಅದಾಗಿತ್ತು. ಇಂಥ ನಿಯಮ ಅವರ ತಲೆಗೆ ಹೊಳೆದಿರಲಿಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ‘ಆದರೂ’, ‘ಇಂದು ರಾತ್ರಿ’, ‘ಕಂಡಂತೆ’ ಎಂಬ ಅರ್ಥದ ಸಾಧಾರಣ ಇಂಗ್ಲಿಷ್ ಪದಗಳು ಪತ್ರ ಒಳ್ಳೆಯದೆಂಬುದಕ್ಕೆ ಗಟ್ಟಿಯಾದ ಸಾಕ್ಷಿ ನುಡಿಯುತ್ತಿದ್ದುವು. ಸರಕು ಮಾರುವವನು ‘ಆದರೂ’ ಎನ್ನುವುದು ಅಪರೂಪ. ಅವನ ಮಾತಿನಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಅಳುಕುತ್ತ, ತಿದ್ದಿಕೊಳ್ಳುತ್ತ, ಇಂದು ರಾತ್ರಿ ಬರುವೆಯಾ ಎಂದು ಕೇಳುತ್ತ ಬರೆಯುವವನು ನಿಜವಾದ ಮನುಷ್ಯ. ನಿಯಮಗಳನ್ನು ಬರೆಯುತ್ತಿದ್ದಾಗ ಗ್ರಹಾಂ ಕೆಟ್ಟದ್ದರ ಗುರುತುಗಳನ್ನಷ್ಟೇ ಹುಡುಕಿದ್ದರು. ಎಣಿಕೆಯಾದರೋ ಒಳ್ಳೆಯದರ ಗುರುತುಗಳನ್ನೂ ಅಷ್ಟೇ ಶ್ರದ್ಧೆಯಿಂದ ಹುಡುಕಿತು. ಆರೋಪಿಯ ಪರವಾದ ಸಾಕ್ಷಿಗಳನ್ನೂ ಕರೆಸಿದಂತಾಯಿತು.

ಇಲ್ಲಿಗೇ ನಿಂತಿದ್ದರೆ ಅದು ಒಳ್ಳೆಯ ಲೆಕ್ಕ ಮಾತ್ರ ಆಗಿರುತ್ತಿತ್ತು. ಗ್ರಹಾಂ ಆ ಲೆಕ್ಕದಲ್ಲಿ ಬೇಕೆಂದೇ ಒಂದು ಪಕ್ಷಪಾತ ಮಾಡಿದರು. ಪದವೊಂದು ಒಳ್ಳೆಯ ಪತ್ರಗಳಲ್ಲಿ ಎಷ್ಟು ಸಲ ಬಂದಿದೆಯೋ ಅದನ್ನು ಇಮ್ಮಡಿಯಾಗಿ ಎಣಿಸಿದರು. ಒಂದು ಪದ ಕೆಟ್ಟ ಪತ್ರಗಳಲ್ಲಿ 90 ಸಲ, ಒಳ್ಳೆಯವುಗಳಲ್ಲಿ 10 ಸಲ ಬಂದಿದೆಯೆಂದು ಇಟ್ಟುಕೊಳ್ಳೋಣ. ನೇರವಾದ ಲೆಕ್ಕದಲ್ಲಿ ಅದರ ದೋಷ 100ರಲ್ಲಿ 90, ಎಂದರೆ 0.90. ಇಮ್ಮಡಿ ಮಾಡಿದರೆ 10 ಎಂಬುದು 20 ಆಗುತ್ತದೆ. ದೋಷ 110ರಲ್ಲಿ 90, ಸುಮಾರು 0.82ಕ್ಕೆ ಇಳಿಯುತ್ತದೆ. ಇನ್ನೊಂದು ಏರ್ಪಾಡೂ ಇತ್ತು. ಹಿಂದೆಂದೂ ಕಾಣದ ಪದವೊಂದು ಬಂದರೆ ಅದಕ್ಕೆ 0.5ನ್ನು ಕೊಡದೆ 0.4ನ್ನು ಕೊಟ್ಟರು. ಅಪರಿಚಿತನು ಬಾಗಿಲು ತಟ್ಟಿದಾಗ ಅವನನ್ನು ಕಳ್ಳನೆಂದು ಬಗೆಯದೆ, ಸಂಭಾವಿತನಿರಬಹುದೆಂಬ ಕಡೆಗೆ ಸ್ವಲ್ಪ ವಾಲಿದಂತೆ ಇದು. ದಯೆಯನ್ನು ಅಂಕಿಯಲ್ಲಿ ಬರೆಯಬಹುದೆಂದು ನಾನು ಅದನ್ನು ಓದುವವರೆಗೆ ಎಣಿಸಿರಲಿಲ್ಲ.

ಫಲ ಹೇಗಿತ್ತು? 1000 ಸ್ಪ್ಯಾಮ್ ಪತ್ರಗಳಲ್ಲಿ ತಪ್ಪಿಸಿಕೊಂಡವು 5ಕ್ಕಿಂತ ಕಡಮೆ. ತಪ್ಪಾಗಿ ಸಿಕ್ಕಿಬಿದ್ದ ಒಳ್ಳೆಯ ಪತ್ರ ಒಂದೂ ಇರಲಿಲ್ಲ. 2002ರ ಆಗಸ್ಟಿನಲ್ಲಿ ಅವರು ಈ ವಿವರವನ್ನೆಲ್ಲ ಪ್ರಕಟಿಸಿದರು. ಆಗ ತಿಳಿದುಬಂದ ಸಂಗತಿಯೆಂದರೆ, ಬೇಯ್ಸನ ಗಣಿತವನ್ನು ಈ ಕೆಲಸಕ್ಕೆ ಹೂಡಿದವರಲ್ಲಿ ಅವರು ಮೊದಲಿಗರಲ್ಲ. 1998ರಲ್ಲಿಯೇ ಇಬ್ಬರು ಸಂಶೋಧಕರು, ಪ್ಯಾಂಟೆಲ್ ಮತ್ತು ಲಿನ್ ಎಂಬವರು, ಇಂಥದೇ ಜರಡಿಯನ್ನು ಮಾಡಿದ್ದರು. ಅದು ಶೇಕಡಾ 92ರಷ್ಟು ಸ್ಪ್ಯಾಮನ್ನು ಹಿಡಿದಿತ್ತು. ಆದರೆ ಶೇಕಡಾ 1.16ರಷ್ಟು ಒಳ್ಳೆಯ ಪತ್ರಗಳನ್ನೂ ಹಿಡಿದಿತ್ತು. ಸಾವಿರ ಒಳ್ಳೆಯ ಪತ್ರಗಳಲ್ಲಿ ಹನ್ನೆರಡರಷ್ಟು ಕಳೆದುಕೊಳ್ಳಲು ಯಾರು ತಾನೆ ಒಪ್ಪುತ್ತಾರೆ? ಎರಡರ ನಡುವಣ ಅಂತರಕ್ಕೆ ಗ್ರಹಾಂ ಹಲವು ಕಾರಣಗಳನ್ನು ಕೊಟ್ಟರು. ಹಿಂದಿನವರು ಯಂತ್ರಕ್ಕೆ ಕಲಿಸಲು ಬಳಸಿದ್ದು 160 ಸ್ಪ್ಯಾಮ್ ಮತ್ತು 466 ಒಳ್ಳೆಯ ಪತ್ರಗಳನ್ನು ಮಾತ್ರ. ಪತ್ರದ ತಲೆಬರಹವನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. ನಿರಪರಾಧಿಯ ಪರವಾಗಿ ಪಕ್ಷಪಾತವನ್ನೂ ಮಾಡಿರಲಿಲ್ಲ. ಕೊನೆಯ ಕಾರಣವೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇಷ್ಟೆಲ್ಲ ಎಚ್ಚರವಿದ್ದರೂ ಗ್ರಹಾಂ ಅವರ ಜರಡಿ ಮುಂದೆ ಎಡವಿತು. ಜರಡಿಯನ್ನು ಇನ್ನೂ ಹರಿತಗೊಳಿಸಲು ಅವರು ದೊಡ್ಡಕ್ಷರದ ಪದವನ್ನೂ ಸಣ್ಣಕ್ಷರದ ಪದವನ್ನೂ ಬೇರೆಬೇರೆಯಾಗಿ ಎಣಿಸತೊಡಗಿದ್ದರು. ದೊಡ್ಡಕ್ಷರಗಳಲ್ಲಿ ಕೂಗಾಡುವುದು ಸ್ಪ್ಯಾಮ್‌ನ ಗುಣವಾದುದರಿಂದ ಇದು ಸರಿಯೆಂದೇ ತೋರಿತು. 2003ರ ಜನವರಿಯಲ್ಲಿ ಪ್ರಕಟಿಸಿದ ಎರಡನೆಯ ಬರಹದಲ್ಲಿ ಅವರು ಇದರ ಪರಿಣಾಮವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಈಜಿಪ್ಟಿನಿಂದ ಒಬ್ಬರು ಇಡೀ ಪತ್ರವನ್ನು ದೊಡ್ಡಕ್ಷರಗಳಲ್ಲಿಯೇ ಬರೆದಿದ್ದರು. ಹೊಸ ಜರಡಿ ಅದನ್ನು ಸ್ಪ್ಯಾಮ್ ಎಂದು ತಳ್ಳಿಹಾಕಿತು. ಹಳೆಯ ಜರಡಿಯಾಗಿದ್ದರೆ ಒಳಕ್ಕೆ ಬಿಡುತ್ತಿತ್ತು.

ಈ ಪುಟ್ಟ ಪ್ರಸಂಗ ನನ್ನ ಮನಸ್ಸಿನಲ್ಲಿ ಬಹುಕಾಲ ಉಳಿದಿದೆ. ಆ ಈಜಿಪ್ಟಿನವರು ಯಾರೋ, ಏನು ಬರೆದಿದ್ದರೋ! ಅರಬ್ಬಿ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳೆಂಬ ಭೇದವೇ ಇಲ್ಲ. ನಮ್ಮ ಕನ್ನಡದಲ್ಲಿಯೂ ಇಲ್ಲ. ಇಂಥ ಲಿಪಿಯಲ್ಲಿ ಬೆಳೆದವನಿಗೆ ಎಲ್ಲವನ್ನೂ ದೊಡ್ಡಕ್ಷರಗಳಲ್ಲಿ ಬರೆದರೆ ಇಂಗ್ಲಿಷ್ ಬಲ್ಲವರಿಗೆ ಕೂಗಿದಂತೆ ಕೇಳುವುದೆಂದು ಹೇಗೆ ಗೊತ್ತಾಗಬೇಕು? ಜರಡಿ ಹಿಡಿದವನ ಊರಿನ ರೂಢಿಯೇ ನ್ಯಾಯವಾದಾಗ ಮೊದಲು ಹೊರಗಾಗುವವನು ದೂರದವನು. ಪರಭಾಷೆಯಲ್ಲಿ ಕಷ್ಟಪಟ್ಟು ಬರೆಯುವವನ ವಾಕ್ಯಗಳೂ, ಮೋಸಗಾರನ ವಾಕ್ಯಗಳೂ ತಪ್ಪುಗಳಿಂದ ತುಂಬಿರುತ್ತವೆ. ಹೊರನೋಟಕ್ಕೆ ಎರಡೂ ಒಂದೇ. ಕೆಲವು ಜರಡಿಗಳಲ್ಲಿ, ಒಡೆಯನಿಗೆ ಬಾರದ ಭಾಷೆಯ ಪತ್ರಗಳಿಗೆಲ್ಲ ದೋಷದ ಅಂಕವನ್ನು ಹೆಚ್ಚಿಸುವ ಏರ್ಪಾಡೂ ಉಂಟು. ಓದಲಾರದ ಪತ್ರ ನನಗೇಕೆ ಎಂಬುದು ಅದರ ವಾದ. ಅಂಥ ಜರಡಿಯ ಎದುರು ಕನ್ನಡದಲ್ಲಿ ಬರೆದ ನಿಮ್ಮ ಪತ್ರ ಏನನ್ನು ಹೇಳುತ್ತದೆಂಬುದು ಲೆಕ್ಕಕ್ಕೇ ಬರುವುದಿಲ್ಲ.

ಇದಕ್ಕೆ ಪ್ರತಿಯಾಗಿ ಒಂದು ಮಾತನ್ನು ಹೇಳಬಹುದು, ಅದು ಅಲ್ಲಗಳೆಯುವಂಥದಲ್ಲ. 2002ರಲ್ಲಿ ಸ್ಪ್ಯಾಮ್ ಎಂದರೆ ಬಹುಮಟ್ಟಿಗೆ ಬೇಡದ ಜಾಹೀರಾತು. ಇಂದು ಬ್ಯಾಂಕಿನ ವೇಷದಲ್ಲಿ, ಸರಕಾರಿ ಕಚೇರಿಯ ವೇಷದಲ್ಲಿ ಬರುವ ಪತ್ರವೊಂದನ್ನು ನಂಬಿದ ವೃದ್ಧರು ಜೀವಮಾನದ ಉಳಿತಾಯವನ್ನೇ ಕಳೆದುಕೊಳ್ಳುತ್ತಾರೆ. ಹೀಗಿರುವಾಗ ಕೆಟ್ಟ ಪತ್ರವನ್ನು ಒಳಗೆ ಬಿಡುವುದು ಸಣ್ಣ ತಪ್ಪೆಂದು ಹೇಳಬಹುದೇ? ಹೇಳಲಾಗದು. ಮೋಸದ ಪತ್ರದ ವಿಷಯದಲ್ಲಿ ಜರಡಿ ಬಿಗಿಯಾಗಿಯೇ ಇರಲಿ. ನನ್ನ ತಕರಾರು ಬಿಗಿಯ ಮೇಲಲ್ಲ, ಮೌನದ ಮೇಲೆ. ಅನುಮಾನದ ಪತ್ರವನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಇದು ಅನುಮಾನಾಸ್ಪದ ಎಂದು ತೋರಿಸುವುದು ಒಂದು. ಯಾರಿಗೂ ತಿಳಿಸದೆ ನಾಶಮಾಡುವುದು ಇನ್ನೊಂದು. ಎರಡನೆಯದರಲ್ಲಿ ಬರೆದವನಿಗೆ ತನ್ನ ಪತ್ರ ಮುಟ್ಟಲಿಲ್ಲವೆಂದು ತಿಳಿಯದು; ಓದಬೇಕಾದವನಿಗೆ ಪತ್ರ ಬಂದಿತ್ತೆಂದೇ ತಿಳಿಯದು. ಜರಡಿಯ ತಪ್ಪು ಎಂದಿಗೂ ಹೊರಬೀಳುವುದಿಲ್ಲ. ಜರಡಿ ಹೆಣೆದವನಾದರೋ ತನ್ನ ಕೆಲಸ ನಿರ್ದೋಷವಾಗಿದೆ ಎಂದುಕೊಂಡು ನಿದ್ದೆ ಮಾಡುತ್ತಾನೆ.

ಇನ್ನೆರಡು ವರ್ಷಗಳಲ್ಲಿ ಸ್ಪ್ಯಾಮ್ ಸಮಸ್ಯೆ ಬಗೆಹರಿಯುವುದೆಂದು ಬಿಲ್ ಗೇಟ್ಸ್ 2004ರ ಜನವರಿಯಲ್ಲಿ ಭವಿಷ್ಯ ನುಡಿದಿದ್ದರು. ಅದು ಬಗೆಹರಿಯಲಿಲ್ಲ. ಕಳುಹಿಸುವವರು ಪದಗಳ ಕಾಗುಣಿತವನ್ನು ಕೆಡಿಸಿದರು, ಪುಸ್ತಕಗಳಿಂದ ಒಳ್ಳೆಯ ಪದಗಳನ್ನು ಕದ್ದು ತುಂಬಿದರು, ಅಕ್ಷರಗಳ ಬದಲು ಚಿತ್ರವನ್ನೇ ಕಳುಹಿಸಿದರು. ಜರಡಿಗಳೂ ಬೆಳೆದುವು. ಇಂದು ದೊಡ್ಡ ಕಂಪನಿಗಳ ಯಂತ್ರಗಳು ಈ ಕೆಲಸವನ್ನು ನಮಗೆ ಕಾಣದಂತೆ ಮಾಡುತ್ತಿವೆ.

ನನ್ನ ಕಥೆ ಹೇಳುವೆನೆಂದಿದ್ದೆ. ಕೆಲವು ವರ್ಷಗಳ ಹಿಂದೆ ನಾನು ದುಡಿಯುತ್ತಿದ್ದ ಕಚೇರಿಯ ಜರಡಿಗೆ ಒಂದು ನಿಯಮವನ್ನು ಸೇರಿಸಿದ್ದೆ. ವಿಷಯದ ಸಾಲು ಖಾಲಿಯಿದ್ದು, ಕಳುಹಿಸಿದವರು ಹೊಸಬರಾಗಿದ್ದರೆ, ಆ ಪತ್ರ ನೇರವಾಗಿ ಕಸದ ಪೆಟ್ಟಿಗೆಗೆ ಹೋಗಬೇಕು. ಇದು ಎಣಿಕೆಯಿಂದ ಹುಟ್ಟಿದ ನಿಯಮವಲ್ಲ, ನನ್ನ ಅಸಹನೆಯಿಂದ ಹುಟ್ಟಿದ್ದು. ವಿಷಯವನ್ನೂ ಬರೆಯದವನ ಪತ್ರದಲ್ಲಿ ಏನು ತಾನೆ ಇರಬಲ್ಲದು ಎಂಬುದು ನನ್ನ ತರ್ಕವಾಗಿತ್ತು. ಪೆಟ್ಟಿಗೆಯಲ್ಲಿ ಬಿದ್ದುದು ಮೂವತ್ತು ದಿನಗಳ ಬಳಿಕ ತಾನಾಗಿ ಅಳಿಯುತ್ತಿತ್ತು. ಒಮ್ಮೆ ಬೇರೇನನ್ನೋ ಹುಡುಕುತ್ತ ಆ ಪೆಟ್ಟಿಗೆಯನ್ನು ತೆರೆದೆ. ಇಪ್ಪತ್ತಾರು ದಿನಗಳ ಹಿಂದೆ ಬಂದ ಕನ್ನಡದ ಪತ್ರವೊಂದು ಅಲ್ಲಿತ್ತು. ಅದನ್ನು ಬರೆದವಳು, ನಾನು ಹಿಂದೊಮ್ಮೆ ಭಾಷಣಕ್ಕೆ ಹೋಗಿದ್ದ ಶಾಲೆಯ ವಿದ್ಯಾರ್ಥಿನಿ. ‘ಸರ್, ನಮಸ್ಕಾರಗಳು’ ಎಂದು ಆರಂಭಿಸಿ, ತಾನು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುತ್ತಿರುವುದಾಗಿಯೂ, ಶಾಲೆಯ ಹೊರಗಿನವರೊಬ್ಬರ ಪರಿಚಯಪತ್ರ ಬೇಕಾಗಿರುವುದಾಗಿಯೂ, ತನಗೆ ಬೇರೆ ಯಾರೂ ಗೊತ್ತಿಲ್ಲವೆಂದೂ ಬರೆದಿದ್ದಳು. ಅರ್ಜಿಯ ಕೊನೆಯ ದಿನಾಂಕ ಕಳೆದು ನಾಲ್ಕು ದಿನಗಳಾಗಿದ್ದುವು.

ನಾನು ಕೂಡಲೇ ಕ್ಷಮೆ ಕೇಳಿ ಬರೆದೆ. ಮರುದಿನ ಎರಡೇ ಸಾಲಿನ ಉತ್ತರ ಬಂದಿತು. ‘ಪರವಾಗಿಲ್ಲ ಸರ್. ನೀವು ಬರೆಯದೆ ಇದ್ದುದರಿಂದ, ನಿಮಗೆ ಕೊಡುವ ಮನಸ್ಸಿಲ್ಲವೆಂದು ತಿಳಿದು ಮತ್ತೆ ಕೇಳಲಿಲ್ಲ.’ ಆ ಪತ್ರದಲ್ಲಿಯೂ ವಿಷಯದ ಸಾಲು ಖಾಲಿಯಾಗಿತ್ತು. ನಾನು ನಿಯಮವನ್ನು ಆ ಮೊದಲೇ ಕಿತ್ತುಹಾಕಿದ್ದುದರಿಂದ ಅದು ನನ್ನ ಕೈಸೇರಿತು. ಅದರೊಡನೆ ಹಿಂದಿನ ದಿನಗಳಿಗಿಂತ ಹನ್ನೊಂದು ಸ್ಪ್ಯಾಮ್ ಪತ್ರಗಳು ಹೆಚ್ಚಾಗಿ ಬಂದಿದ್ದುವು. ಅವನ್ನು ಅಳಿಸಲು ಒಂದು ನಿಮಿಷ ಹಿಡಿಯಿತು.